ಮಂಜೀರಾ ಕಣ್ಣು ಮುಚ್ಚಿದ ಗಳಿಗೆ

"ಈ ಬೆರಳು ನಿಮ್ಮವಲ್ಲ, ಪರಮೇಶ್," ಎಂದಳು ಶುಭಾ.

ಡೇಟಾಬೇಸ್ ನೋಡಿಕೊಳ್ಳುವ ಪರಮೇಶ ಕಂಪ್ಯೂಟರಿನ ತೆರೆಯಿಂದ ಕಣ್ಣು ತೆಗೆಯಲಿಲ್ಲ. ಸನತ್‌ನಗರದ ಆ ಹಳೆಯ ಫ್ಯಾನ್ ಕಾರ್ಖಾನೆಯ ಶೆಡ್ಡಿನಲ್ಲಿ, ಗಾಜಿನ ಗೋಡೆಯ ಆಚೆ, ಆಳೆತ್ತರದ ಯಂತ್ರಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಗೋಡೆಯ ಈಚೆ ಒಂದು ಮೇಜು, ಎರಡು ಕುರ್ಚಿ, ಕೆನೆಗಟ್ಟಿದ ಚಹಾ.

"ಅಲ್ಲಿ ನನ್ನ ಹೆಸರೇ ಐತಲ್ರಿ ಮೇಡಮ್," ಎಂದ ಅವನು. "ನನ್ನ ಲಾಗಿನ್, ನನ್ನ ಪಾಸ್‌ವರ್ಡ್. ಇನ್ನ ಬೆರಳು ಬ್ಯಾರೆ ಯಾರವು ಇರ್ತಾವು?"

"ಅದನ್ನೇ ಕೇಳ್ಲಿಕ್ಕತ್ತೀನಿ."

ಊರಿನ ಸಣ್ಣಪುಟ್ಟ ಆಸ್ಪತ್ರೆಗಳ ರಕ್ತನಿಧಿಗಳನ್ನೆಲ್ಲ ಒಂದಕ್ಕೊಂದು ಹೊಲಿದು ಕಟ್ಟಿದ ಜಾಲ 'ಬಿಂದುಸೇತು'. ಅದರ ಡೇಟಾಬೇಸ್ ಸೋಮವಾರ ಮಧ್ಯಾಹ್ನ ನಿಂತುಹೋದದ್ದು ಯಾಕೆಂದು ಪತ್ತೆ ಮಾಡಲು ನಿರ್ದೇಶಕಿ ಡಾಕ್ಟರ್ ಗುರುದೇವಿ ಶುಭಾಳನ್ನು ಕರೆಸಿದ್ದರು. ಒಂದು ಕಾಲಕ್ಕೆ ಬ್ಯಾಂಕಿನ ಡೇಟಾಬೇಸ್ ಕಾಯುತ್ತಿದ್ದ ಶುಭಾ, ಈಗ ಯಂತ್ರಗಳು ಕೈಕೊಟ್ಟ ಕಡೆಯೆಲ್ಲ ಹೋಗಿ, ಕೈಕೊಟ್ಟದ್ದು ಯಂತ್ರವೋ ಮನುಷ್ಯನೋ ಎಂದು ಹೇಳುವುದನ್ನೇ ಕಸುಬು ಮಾಡಿಕೊಂಡಿದ್ದಳು.

ಬಹುತೇಕ ಸಲ ಮನುಷ್ಯನೇ ಆಗಿರುತ್ತಿದ್ದ. ಈ ಸಲ ಹಾಗಾಗದಿರಲಿ ಎಂದು ಅವಳು ಒಳಗೊಳಗೇ ಹರಕೆ ಹೊರುವಷ್ಟರ ಮಟ್ಟಿಗೆ ಬಂದಿದ್ದಳು.

ಬೆಳಿಗ್ಗೆ ಅವಳು ಮೊದಲು ಹೋದದ್ದು ಆಸ್ಪತ್ರೆಗೆ. ಗದಿಗೆಮ್ಮ ಮಂಚದ ಮೇಲೆ ಒರಗಿ ಕೂತು, ಮಡಿಲಲ್ಲಿದ್ದ ಕೂಸಿನ ಕಿವಿಯನ್ನು ಬೆರಳಲ್ಲಿ ಸವರುತ್ತಿದ್ದಳು. ಯಾದಗಿರಿ ಕಡೆಯ ಹೆಣ್ಣುಮಗಳು. ಗಂಡ ದ್ಯಾವಪ್ಪ ಕಟ್ಟಡದ ಕೆಲಸದವನು. ಹೆರಿಗೆಯ ಹೊತ್ತಿಗೆ ನಿಲ್ಲದ ರಕ್ತ, ಮೇಲೆ ಹತ್ತು ಸಾವಿರಕ್ಕೊಬ್ಬರಲ್ಲಿ ಸಿಗುವ 'ಬಾಂಬೆ' ಎಂಬ ರಕ್ತದ ಗುಂಪು; ಅದೇ ಗುಂಪಿನವರ ರಕ್ತವೇ ಆಗಬೇಕು. ಅದೇ ಗಳಿಗೆಗೆ ಬಿಂದುಸೇತು ಕುರುಡಾಗಿತ್ತು. ಕೊನೆಗೆ ಯಾರೋ ನರ್ಸು ತನ್ನ ನೆನಪಿನ ಮೇಲೆ ಒಬ್ಬ ದಾನಿಗೆ ಫೋನು ಮಾಡಿ ಜೀವ ಉಳಿಸಿದ್ದಳು.

"ಅಕ್ಕಾರ, ಆ ಮಷೀನಿಗೆ ಏನಾಗಿತ್ತಂತ?" ಎಂದು ಗದಿಗೆಮ್ಮ ಕೇಳಿದ್ದಳು, ಪಕ್ಕದ ಮನೆಯವರ ಜ್ವರ ವಿಚಾರಿಸುವವಳ ಹಾಗೆ.

"ಅದನ್ನೇ ಹುಡುಕ್ಲಿಕ್ಕತ್ತೀನಿ ತಂಗಿ."

"ಹುಡುಕ್ರಿ. ಆದ್ರ ಅದಕ್ಕ ಯಾರರ ಬೈತಿದ್ರ, ಬೈಬ್ಯಾಡ್ರಂತ ಹೇಳ್ರಿ. ಉಳದೀನಲ್ಲ ನಾ."

ಆ ಮಾತು ಈಗಲೂ ಶುಭಾಳ ಕಿವಿಯಲ್ಲಿತ್ತು. ಬೈಯುವವರು ಬಹಳ ಮಂದಿ ಇದ್ದರು. ಸಂಜೆ ಬಿಂದುಸೇತುವಿನ ಮಂಡಳಿ ಸೇರಲಿತ್ತು. ಅಲ್ಲಿ ಬಹುತೇಕರ ಬೆರಳು ಒಬ್ಬರ ಕಡೆಗೇ ತಿರುಗಿದ್ದವು: ಜಯತೀರ್ಥ ಸರ್.

ಶುಭಾಳಿಗೆ ವಿದ್ಯೆ ಕಲಿಸಿದವರು ಅವರೇ. ಕಾಚಿಗೂಡದ ಅವರ ಮನೆಯ ಪಡಸಾಲೆಯಲ್ಲಿ, ಅವರ ಹೆಂಡತಿ ಗೋದಾವರಿ ಕೊಡುತ್ತಿದ್ದ ಅವಲಕ್ಕಿ ತಿನ್ನುತ್ತ ಅವಳು ಮೊದಲ ಡೇಟಾಬೇಸ್ ಕಟ್ಟಿದ್ದು. ಬಿಂದುಸೇತುವಿನ ಮೂರು ಸರ್ವರುಗಳಿಗೆ ಭೀಮಾ, ಮಂಜೀರಾ, ಮೂಸಿ ಎಂದು ನದಿಗಳ ಹೆಸರಿಟ್ಟವರೂ ಅವರೇ. ಆ ಮೂರೂ ವರ್ಚುವಲ್ ಮಷೀನುಗಳಾಗಿರಲಿ ಎಂದು ಹಟ ಹಿಡಿದವರೂ ಅವರೇ.

ಹಟ ಹಿಡಿದದ್ದೇ ಈಗ ಕುತ್ತಿಗೆಗೆ ಬಂದಿತ್ತು.

ವರ್ಚುವಲ್ ಮಷೀನು ಎಂದರೆ ಬಾಡಿಗೆ ಮನೆಯಿದ್ದಂತೆ ಎಂದು ಗುರುದೇವಿಯವರಿಗೆ ಶುಭಾ ಮೊದಲ ದಿನವೇ ಬಿಡಿಸಿ ಹೇಳಿದ್ದಳು. ಒಂದು ದೊಡ್ಡ ಕಬ್ಬಿಣದ ಯಂತ್ರ, ಅದನ್ನು ಹೋಸ್ಟ್ ಎನ್ನುತ್ತಾರೆ; ಅದರೊಳಗೆ ಸಾಫ್ಟ್‌ವೇರಿನ ಗೋಡೆ ಎಬ್ಬಿಸಿ ಹಲವು ಯಂತ್ರಗಳನ್ನು ಇರಗೊಡುವುದು. ಒಳಗಿರುವ ಪ್ರತಿಯೊಂದೂ ತಾನೊಂದು ಸ್ವತಂತ್ರ ಯಂತ್ರ ಎಂದೇ ತಿಳಿದಿರುತ್ತದೆ. ಭೀಮಾ, ಮಂಜೀರಾ, ಮೂಸಿ ಮೂರೂ ಬೇರೆ ಬೇರೆ ಕಬ್ಬಿಣದಲ್ಲಿದ್ದು, ಒಂದೇ ಮಾಹಿತಿಯ ಮೂರು ಪ್ರತಿ ಇಟ್ಟುಕೊಂಡು, 'ಇದ್ದೀಯಾ? ಇದ್ದೀನಿ' ಎಂದು ಸದಾ ಒಬ್ಬರನ್ನೊಬ್ಬರು ಕೂಗಿಕೊಳ್ಳುತ್ತಿದ್ದವು. ಒಂದು ಬಿದ್ದರೆ ಉಳಿದೆರಡು ನಡೆಸುತ್ತವೆ. ಎರಡು ಬಿದ್ದರೆ ಮಾತ್ರ ಉಳಿದ ಒಂದು, ತಾನೊಬ್ಬನೇ ಹೇಳಿದ್ದು ಸತ್ಯವೋ ಅಲ್ಲವೋ ಎಂಬ ಅನುಮಾನಕ್ಕೆ, ಬಾಯಿ ಮುಚ್ಚಿಕೊಂಡು ಕೂತುಬಿಡುತ್ತದೆ.

ಸೋಮವಾರ ಆದದ್ದು ಅದೇ. ಮೂಸಿಯನ್ನು ದುರಸ್ತಿಗೆಂದು ಪರಮೇಶ ಬೆಳಿಗ್ಗೆಯೇ ಆರಿಸಿದ್ದ. ಅದಕ್ಕೆ ಒಪ್ಪಿಗೆ ಇತ್ತು. ಮಧ್ಯಾಹ್ನ ಮಂಜೀರಾ ಇದ್ದಕ್ಕಿದ್ದಂತೆ ಉತ್ತರ ಕೊಡುವುದನ್ನು ನಿಲ್ಲಿಸಿತು. ಭೀಮಾ ಒಂಟಿಯಾಗಿ ಬಾಯಿ ಮುಚ್ಚಿತು.

ವಿಚಿತ್ರವೆಂದರೆ ಮಂಜೀರಾ ತಾನು ನಿಂತೇ ಇರಲಿಲ್ಲ ಎನ್ನುತ್ತಿತ್ತು. ಭೀಮಾನೇ ತನ್ನನ್ನು ಕರೆಯಲಿಲ್ಲ ಎಂಬುದು ಅದರ ದೂರು.

"ನೋಡ್ರಿ ಇಲ್ಲಿ," ಎಂದು ಶುಭಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಕನ್ಸೋಲಿನ ಮುಂದೆ ಕೂತವರು ಏನು ಟೈಪು ಮಾಡಿದರೂ ತೆರೆಯ ಚಿತ್ರ ದಾಖಲಾಗುತ್ತಿತ್ತು. ಸೋಮವಾರದ ಆ ಚಿತ್ರವನ್ನು ಅವಳು ಮತ್ತೆ ಓಡಿಸಿದಳು. "ಜಾಲ ಬಿದ್ದದ. ಗಾಬರಿ ಆಗೇದ. ಎಲ್ಲಾ ಆಸ್ಪತ್ರಿಯಿಂದ ಫೋನ್ ಬರ್ಲಿಕ್ಕತ್ತಾವ. ಅಂಥಾ ಹೊತ್ತಿನ್ಯಾಗ ನಿಮ್ಮ ಹೆಸರಿನವರು ಏನು ಮಾಡ್ಯಾರ ನೋಡ್ರಿ. ಭೀಮಾನ ಹತ್ರ ಹೋಗಿ ಮೊದಲು, ನಿನ್ನ ಹೆಸರೇನು ಅಂತ ಕೇಳ್ಯಾರ. ಆಮ್ಯಾಲೆ, ಈಗ ಗಂಟೆ ಎಷ್ಟು ಅಂತ. ಮಂಜೀರಾಗೂ ಹಂಗೇ. ನಿನ್ನ ಹೆಸರೇನು, ಗಂಟೆ ಎಷ್ಟು. ಆಮ್ಯಾಲೆನೇ ರಿಪೇರಿಗೆ ಕೈ ಹಾಕ್ಯಾರ."

"ಅದರಾಗ ತಪ್ಪೇನೈತ್ರಿ?"

"ತಪ್ಪಿಲ್ಲ. ಆದರ ನಿಮ್ಮ ಹಿಂದಿನ ದಾಖಲೆ ಎಲ್ಲಾ ನೋಡೀನಿ. ನೀವು ಒಂದು ಸಲನೂ ಹಂಗ ಕೇಳಿಲ್ಲ. ನೇರ ಕೆಲಸಕ್ಕೇ ಇಳಿತೀರಿ."

ಪರಮೇಶ ಮೌಸನ್ನು ಆಚೆ ಸರಿಸಿದ.

'ರೋಗಿಯ ಮೈ ಮುಟ್ಟುವ ಮೊದಲು ಹೆಸರು ಕೇಳಬೇಕು. ತಪ್ಪು ಮಂಚದ ಮುಂದ ನಿಂತಿರಬಹುದು.' ಕಾಚಿಗೂಡದ ಪಡಸಾಲೆಯಲ್ಲಿ ಆ ಮಾತು ಹೇಳಿ ಹೇಳಿ ತನ್ನ ಬೆರಳುಗಳಿಗೂ ಅದೇ ರೂಢಿ ಹಿಡಿಸಿದವರು ಯಾರೆಂದು ಶುಭಾ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಪರಮೇಶನ ಕಿವಿಯ ತುದಿ ಕೆಂಪಾಗಿತ್ತು.

"ಸೋಮವಾರ ಮಧ್ಯಾಹ್ನ ನೀವು ಈ ಖೋಲಿಯೊಳಗ ಇರಲಿಲ್ಲ," ಎಂದಳು.

"ಇದ್ದೆ."

"ಎಲ್ಲಿದ್ರಿ?"

"ಇಲ್ಲೇ ಇದ್ದೆನ್ರಿ ಅಂತ ಹೇಳಾಕತ್ತೀನಲ್ಲ. ನೀವು ಖಾಲಿಪೀಲಿ ನನ್ನ ಬೆನ್ನು ಹತ್ತೀರಿ. ಹತ್ತಬೇಕಾದ್ದು ಈ ಬಾಡಿಗಿ ಮನಿ ಕಾರಭಾರದ ಬೆನ್ನು." ಅವನ ದನಿ ಏರಿತು. "ಮೊದಲಿಂದ ಹೇಳಾಕತ್ತಿದ್ದೆ ನಾ. ಡೇಟಾಬೇಸ್ ಅಂದ್ರ ಸುಮ್ನಲ್ಲ. ಅದೂ ಮೂರು ಕೂಡಿ ಒಂದಾಗಿ ನಡೆಯೋ ಡೇಟಾಬೇಸ್. ಅದಕ್ಕ ಸ್ವಂತ ಕಬ್ಬಿಣ ಬೇಕು. ಸ್ವಂತ ಮೆಮೊರಿ, ಸ್ವಂತ ಡಿಸ್ಕ್. ಮ್ಯಾಲೆ ಕೂತ ಮಾಲಕ ಒಂದು ಗಳಿಗಿ ತಡಿ ಅಂದ್ರ ತಡೀಬೇಕಾದ ಜೀವ ಅಲ್ಲ ಅದು. ಕಬ್ಬಿಣದ ಮ್ಯಾಲೆ ಇದ್ದಿದ್ರ ಮಂಜೀರಾ ಹಿಂಗ ಮಾಡ್ತಿದ್ದಿಲ್ಲ."

ಅವನ ಮಾತಿನಲ್ಲಿ ಹುರುಳಿತ್ತು. ಅದೇ ಶುಭಾಳಿಗೆ ತೊಡಕಾಗಿದ್ದದ್ದು. ಈ ಜಗಳದಲ್ಲಿ ಪರಮೇಶ ಸೋತವನು, ಜಯತೀರ್ಥರು ಗೆದ್ದವರು. ಸೋತವನೊಬ್ಬ ತಾನು ಹೇಳಿದ್ದೇ ಸರಿಯೆಂದು ತೋರಿಸಲು ಮಂಜೀರಾಳ ಉಸಿರು ಹಿಡಿದಿರಬಹುದೇ? ಮಂಡಳಿಯ ಕೆಲವರು ಪಿಸುಗುಡುತ್ತಿದ್ದದ್ದೂ ಅದನ್ನೇ.

"ಒಂದು ಮಾತು ಸರಿ ಹೇಳಿದ್ರಿ," ಎಂದಳು. "ಮಾಲಕ ತಡಿ ಅಂದ್ರ ತಡೀಬೇಕು. ಅದೇ ಆಗೇದ."

"ಅಂದ್ರ?"

"ಗಂಟೆ ಎಷ್ಟು ಅಂತ ಕೇಳಿದಾಗ ಭೀಮಾ ಒಂದು ಹೇಳೇದ, ಮಂಜೀರಾ ಒಂದು ಹೇಳೇದ. ಎರಡರ ನಡುವೆ ಸುಮಾರು ಒಂದು ನಿಮಿಷದ ಫರಕ್ ಅದ. ಮಂಜೀರಾ ಹಿಂದುಳಿದದ. ಆಮ್ಯಾಲೆ ತಾನೇ ಗಡಿಯಾರ ಸರಿ ಮಾಡಿಕೊಂಡದ. ಅಷ್ಟರೊಳಗ ಯಾರೋ ಕೇಳಿದ್ದಕ್ಕ ನಮಗ ಸಿಕ್ಕದ."

ಪರಮೇಶ ಮೊದಲ ಬಾರಿ ಅವಳ ಕಡೆ ತಿರುಗಿದ. ಕೋಪವೆಲ್ಲ ಎಲ್ಲಿಗೋ ಹೋಗಿ, ಅವನ ಮುಖದಲ್ಲಿ ಕಸುಬುದಾರನ ಕುತೂಹಲವೊಂದೇ ಉಳಿದಿತ್ತು.

"ನಿದ್ದಿ ಹೋಗಿತ್ತು," ಎಂದ ನಿಧಾನವಾಗಿ.

"ನಿದ್ದಿ ಹೋಗಿಲ್ಲ. ಮಲಗಿಸ್ಯಾರ. ಮಲಗಿದ್ದು ಅದಕ್ಕ ಗೊತ್ತಿಲ್ಲ. ಎದ್ದ ಮ್ಯಾಲೆ ಅದಕ್ಕ, ಭೀಮಾನೇ ಮಾತು ಬಿಟ್ಟಾನ ಅಂತ ಅನಿಸೇದ. ಈಗ ಹೇಳ್ರಿ. ಓಡೋ ವರ್ಚುವಲ್ ಮಷೀನನ್ನ ಹಂಗ ಯಾವಾಗ ಮಲಗಸ್ತಾರ?"

"ಒಂದು ಕಬ್ಬಿಣದಿಂದ ಇನ್ನೊಂದಕ್ಕ ಸಾಗಸೋವಾಗ."

"ಸಾಗಿಸಿಲ್ಲ. ಇದ್ದಲ್ಲೇ ಅದ."

ಅವನು ಗಾಜಿನಾಚೆಯ ಯಂತ್ರಗಳನ್ನು ನೋಡಿದ.

"ಕಾಪಿ," ಎಂದ. "ಇಡೀ ಮಂಜೀರಾನ್ನ ಕಾಪಿ ಮಾಡ್ಯಾರ. ಮೆಮೊರಿ ಸಮೇತ."

"ಹೌದು."

ಬಿಂದುಸೇತುವಿನ ಡಿಸ್ಕಿನಲ್ಲಿ ದಾನಿಗಳ ಹೆಸರು, ವಿಳಾಸ ಎಲ್ಲ ಬೀಗ ಹಾಕಿಯೇ ಇರುತ್ತಿದ್ದವು. ಡಿಸ್ಕು ಕದ್ದರೂ ಕಳ್ಳನಿಗೆ ಸಿಗುವುದು ಅರ್ಥವಾಗದ ಅಕ್ಷರದ ಗುಡ್ಡೆ. ಆದರೆ ಯಂತ್ರ ಓಡುವಾಗ ಬೀಗದ ಕೈ ಅದರ ನೆನಪಿನಲ್ಲಿರುತ್ತದೆ. ಓಡುತ್ತಿರುವ ಯಂತ್ರವನ್ನು ನೆನಪಿನ ಸಮೇತ ನಕಲು ಮಾಡಿದರೆ, ಕಪಾಟು ತೆರೆದಿದ್ದ ಹೊತ್ತಿಗೆ ಇಡೀ ಮನೆಯನ್ನೇ ಎತ್ತಿಕೊಂಡು ಹೋದಂತೆ. ಅಷ್ಟು ದೊಡ್ಡ ನೆನಪನ್ನು ನಕಲು ಮಾಡುವಾಗ ಯಂತ್ರ ತುಸು ಹೊತ್ತು ಕಣ್ಣು ಮುಚ್ಚುತ್ತದೆ. ಜಾಲ ನಿಂತದ್ದು ಕಳ್ಳನ ಉದ್ದೇಶವೇ ಅಲ್ಲ. ಕಳ್ಳನ ಕಾಲಿಗೆ ತಾಗಿ ಬಿದ್ದ ತಂಬಿಗೆ ಅದು.

ಆ ತಂಬಿಗೆಯ ಸದ್ದಿಗೆ ಗದಿಗೆಮ್ಮ ಹೋಗಿಬಿಡುವವಳಿದ್ದಳು.

"ಹಂಗ ಮಾಡಾಕ ಹೋಸ್ಟಿನ ಕೀಲಿ ಬೇಕ್ರಿ," ಎಂದ ಪರಮೇಶ. "ಮೂರೇ ಮಂದಿ ಹತ್ರ ಐತಿ ಅದು. ಜಯತೀರ್ಥ ಸರ್, ನಾನು, ಆಮ್ಯಾಲೆ ಹೋಸ್ಟ್ ನೋಡ್ಕೊಳ್ಳೋ ಗುತ್ತಿಗೆ ಕಂಪನಿಯಾವ ಭೀಮಾಶಂಕರ." ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂಬುದು ಅವನಿಗೆ ಹೊಳೆಯಿತು.

"ಅದಕ್ಕೇ ಕೇಳ್ಲಿಕ್ಕತ್ತೀನಿ, ಪರಮೇಶ್. ಸೋಮವಾರ ಈ ಕುರ್ಚಿಯೊಳಗ ಯಾರಿದ್ರು? ನೀವಿದ್ರಿ ಅಂದ್ರ ಕಳ್ಳತನ ನಿಮ್ಮ ಹೆಸರಿನ್ಯಾಗ ಆಗೇದ. ನೀವಿರಲಿಲ್ಲ ಅಂದ್ರ ಹೇಳಿಬಿಡ್ರಿ."

ಅವನು ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ. ಹೊರಗೆ ಕಬ್ಬಿಣ ಹೇರಿದ ಲಾರಿಯೊಂದು ಗೇರು ಬದಲಿಸಿ ಹಾದುಹೋಯಿತು.

"ಕಾಚಿಗೂಡ ಸ್ಟೇಷನ್ನಿಗೆ ಹೋಗಿದ್ದೆ," ಎಂದ. "ನಮ್ಮ ತಂಗಿ ದಾನೇಶ್ವರಿ ಬರಾಕಿದ್ಲು. ಮೂರು ತಿಂಗಳ ಕೂಸು ಕಂಕುಳಾಗ, ಎರಡು ಗಂಟು. ಜೋಡಿ ಬರ್ತೀನಂದಿದ್ದ ಅಕಿ ಗಂಡ ಹಿಂದಿನ ರಾತ್ರಿ ಕೈಕೊಟ್ಟಿದ್ದ. ಅಕಿಗೆ ತೆಲುಗು ಬರೂದಿಲ್ಲ, ಹಿಂದಿ ಬರೂದಿಲ್ಲ. ಆಟೋದವರ ನಡುವೆ ನಿಂತು ಅಳತಾಳ ಅಂತ ನಂಗ ಗೊತ್ತಿತ್ತು. ಮೂಸಿ ಬಂದ್ ಇದ್ದಾಗ ಇಲ್ಲಿಂದ ಏಳಬಾರದು ಅಂತ ನಿಯಮ ಬರೆದಾವ ನಾನೇ ಅದೀನ್ರಿ. ನಾನೇ ಎದ್ದು ಹೋದೆ. ಆ ಬಾಣಂತಿ ಸತ್ತಿದ್ರ..."



"ಯಾರಿಗೆ ಹೇಳಿ ಹೋದ್ರಿ?"



"ನನಗ ಹೇಳಿ ಹೋದ," ಎಂದಿತು ಬಾಗಿಲ ಬಳಿಯ ದನಿ.

ಜಯತೀರ್ಥರು ನಿಂತಿದ್ದರು. ಎಡಗೈಯಲ್ಲಿ ಮೂರು ಅಂತಸ್ತಿನ ಡಬ್ಬಿ, ಹಣೆಯ ಮೇಲೆ ಬೆವರಿಗೆ ಅರ್ಧ ಅಳಿಸಿದ ಅಂಗಾರದ ಕಪ್ಪು ಗೆರೆ. ಮಂಡಳಿ ಮುಗಿಯುವವರೆಗೂ ಆಫೀಸಿಗೆ ಬರಬೇಡಿ ಎಂದು ಅವರಿಗೆ ಹೇಳಲಾಗಿತ್ತು. ಅವರು ಊಟದ ಹೊತ್ತಿಗೆ ಬಂದಿದ್ದರು.

"ಹೋಗು ಅಂತ ನಾನೇ ಅಂದೆ," ಎನ್ನುತ್ತ ಒಳಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಅವನು ತನ್ನ ಲಾಗಿನ್ ಬಂದ್ ಮಾಡ್ಲಿಕ್ಕೆ ಹೊಂಟಿದ್ದ. ಇರಲಿ ಬಿಡು, ನೀನು ಇಲ್ಲೇ ಇದ್ದೀ ಅಂತ ಇರಲಿ ಅಂದೆ. ಹುಡುಗನ ಮ್ಯಾಲೆ ಒಂದು ಕಪ್ಪುಚುಕ್ಕಿ ಯಾಕ ಬರಬೇಕು? ಪರಮೇಶ, ಬೆಳಿಗ್ಗೆಯಿಂದ ಏನರ ತಿಂದೀಯೇನು?"

"ಇಲ್ರಿ."

"ಗೋದಾವರಿ ಮೆಂತೇದ ಹಿಟ್ಟು ಮಾಡ್ಯಾಳ. ತಿನ್ನು ಮೊದಲು."

ಶುಭಾಳಿಗೆ ನಗು ಬಂತು. ಮೂರು ದಿನಗಳಿಂದ ಊರೆಲ್ಲ ಜಯತೀರ್ಥರನ್ನು ಆಡಿಕೊಳ್ಳುತ್ತಿತ್ತು. ತಮ್ಮ ವಿರುದ್ಧ ನಿತ್ಯ ವಾದ ಹೂಡುತ್ತಿದ್ದ ಹುಡುಗನ ಹೆಸರು ಕೆಡದಿರಲೆಂದು ಅವರು ತುಟಿ ಬಿಚ್ಚಿರಲಿಲ್ಲ. ಆ ಹುಡುಗನೋ, ಅವರ ಎದುರಿಗೆ ಕೂತು, ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಅತ್ತಿತ್ತ ತಿರುಗಿಸುತ್ತಿದ್ದ.

"ಸರ್, ನೀವು ಒಂದು ಮಾತು ಹೇಳಬಹುದಿತ್ತಲ್ರಿ," ಎಂದ ಪರಮೇಶ. "ಎಲ್ಲಾರು ನಿಮ್ಮನ್ನ ಬೈದ್ರು. ವರ್ಚುವಲ್ ವರ್ಚುವಲ್ ಅಂತ ಹಾಳು ಮಾಡಿದ ಮುದುಕ ಅಂದ್ರು."

"ನೀನೂ ಅಂದಿ."

"ಹೂಂ. ನಾನೂ ಅಂದೆ."

"ಈಗ್ಲೂ ಅನ್ನು. ವಾದ ಬ್ಯಾರೆ, ಊಟ ಬ್ಯಾರೆ." ಅವರು ಒಂದು ಭಕ್ಕರಿ ಮುರಿದು ಅವನ ಮುಂದಿಟ್ಟರು. "ನೋಡು ಶುಭಾ, ಇವನ ಮಾತು ಸುಳ್ಳಲ್ಲ. ಕಬ್ಬಿಣದ ಮ್ಯಾಲೆ ಇದ್ದಿದ್ದರ ಮಂಜೀರಾನ್ನ ಹಿಂಗ ಸದ್ದಿಲ್ಲದ ಎತ್ತಿಕೊಂಡು ಹೋಗ್ಲಿಕ್ಕೆ ಆಗ್ತಿದ್ದಿಲ್ಲ. ಒಪ್ಪತೀನಿ. ಆದರ ಮೊದಲು ಕಬ್ಬಿಣ ಇದ್ದಾಗ ಒಂದು ಬೋರ್ಡ್ ಸುಟ್ಟು, ಬ್ಯಾರೆ ಊರಿಂದ ಬದಲಿ ಬರೋತನಕ ನಾವು ಕೈ ಕಟ್ಟಿಕೊಂಡು ಕೂತಿದ್ವಿ. ಆಗ ಇವನಿನ್ನೂ ಬಂದಿರಲಿಲ್ಲ. ಈಗ ಒಂದು ಹೋಸ್ಟ್ ಸತ್ತರ ಚಹಾ ಕುಡಿಯೋದರೊಳಗ ಇನ್ನೊಂದರ ಮ್ಯಾಲೆ ಎಬ್ಬಸ್ತೀವಿ. ನಮ್ಮಂಥಾ ಬಡ ಜಾಲಕ್ಕ ಅದು ಸಣ್ಣ ಮಾತಲ್ಲ."

"ಸಾಯೋದು ಬ್ಯಾರೆ ಸರ್, ಕಳುವಾಗೋದು ಬ್ಯಾರೆ," ಎಂದ ಪರಮೇಶ, ಬಾಯಲ್ಲಿ ತುತ್ತಿಟ್ಟುಕೊಂಡೇ.

"ಮನಿಗೆ ಕಳ್ಳ ಬಂದ ಅಂತ ಮನಿ ಕೆಡವತಾರೇನು? ಕೀಲಿ ಯಾರ್‍ಯಾರ ಕೈಯಾಗ ಅದ ನೋಡ್ತಾರ. ಡೇಟಾಬೇಸ್ ಇರೋ ಮಷೀನನ್ನ ಓಡೋವಾಗ ಯಾರೂ ಕಾಪಿ ಮಾಡಬಾರದು ಅಂತ ಬಂದ್ ಮಾಡಿ ಇಡಬೇಕಿತ್ತು. ಒಬ್ಬನ ಕೈಲೇ ಆಗದ ಹಂಗ, ಇಬ್ಬರ ಒಪ್ಪಿಗಿ ಬೇಕು ಅಂತ ಇಡಬೇಕಿತ್ತು. ಇಡಲಿಲ್ಲ. ಅದು ನನ್ನ ತಪ್ಪು. ವರ್ಚುವಲ್ಲಿನ ತಪ್ಪಲ್ಲ."

ಸಂಜೆ ಮಂಡಳಿ ಕೇಳುವ ಪ್ರಶ್ನೆಗೆ ಉತ್ತರ ಇಷ್ಟೇ ಎಂದು ಶುಭಾಳಿಗೆ ಅನಿಸಿತು. ವರ್ಚುವಲ್ಲೋ ಕಬ್ಬಿಣವೋ ಎಂದು ಕೇಳುವವರಿಗೆ ಅವಳು ಹೇಳಬೇಕಾದದ್ದು, ಎರಡೂ ನಡೆಯುತ್ತವೆ, ಆದರೆ ಎರಡಕ್ಕೂ ಕಾಯುವವರು ಬೇಕು ಎಂದು. ಆದರೆ ಅದಕ್ಕೂ ಮೊದಲು ಅವಳು ಕೇಳಬೇಕಾದ ಒಂದು ಪ್ರಶ್ನೆ ಬಾಕಿಯಿತ್ತು. ಅದನ್ನು ಕೇಳುವುದಕ್ಕಿಂತ ಈ ಕಸುಬು ಬಿಟ್ಟು ಮನೆಗೆ ಹೋಗುವುದು ಸುಲಭವೆನಿಸಿತು.

ಅವಳು ಕುರ್ಚಿಯಿಂದ ಎದ್ದಳು. ಕೂತು ಕೇಳುವ ಪ್ರಶ್ನೆಯಲ್ಲ ಅದು.

"ಸರ್, ಮಂಜೀರಾ ಕಣ್ಣು ಮುಚ್ಚಿದಾಗ ಈ ಖೋಲಿಯೊಳಗ ನೀವೊಬ್ಬರೇ ಇದ್ರಿ. ಹೋಸ್ಟಿನ ಕೀಲಿ ನಿಮ್ಮ ಹತ್ರ ಇತ್ತು. ಕಾಪಿ ಮಾಡಿದ್ದು ನೀವೇನು?"

ಪರಮೇಶನ ತುತ್ತು ಕೈಯಲ್ಲೇ ಉಳಿಯಿತು. "ಮೇಡಮ್, ಏನ್ ಮಾತಾಡಾಕತ್ತೀರಿ..."

ಜಯತೀರ್ಥರು ಕೈ ಎತ್ತಿ ಅವನನ್ನು ತಡೆದರು. ಶುಭಾಳನ್ನು ಅವರು ನೋಡಿದ ನೋಟದಲ್ಲಿ ನೋವು ಇರಲಿಲ್ಲ. ಪರೀಕ್ಷೆಯಲ್ಲಿ ಕಠಿಣ ಲೆಕ್ಕ ಬಿಡದೆ ಬಿಡಿಸಿದ ಶಿಷ್ಯೆಯನ್ನು ನೋಡುವ ನೋಟ ಅದು.

"ಕೇಳದೇ ಬಿಟ್ಟಿದ್ದರ ನಾನೇ ನಿನಗ ಬೈತಿದ್ದೆ," ಎಂದರು. "ಇಲ್ಲವ್ವಾ. ನಾನು ಮಾಡಿಲ್ಲ. ಈ ಕುರ್ಚಿಯೊಳಗ ಕೂತಿದ್ದೆ ಖರೆ, ಆದರ ಹೋಸ್ಟಿನ ಕಡೆ ನೋಡೇ ಇಲ್ಲ. ಹೊರಗಿಂದ ಯಾರೋ ಕೀಲಿ ತಿರುಗಿಸಿದ್ದು ನನಗ ಕಾಣಲಿಲ್ಲ. ಆದರ ನನ್ನ ಬಾಯಿಮಾತು ನಂಬಬ್ಯಾಡ."

"ಮತ್ತ ಯಾರನ್ನ ನಂಬಲಿ?"

"ಮೂಸಿನ್ನ ಕೇಳು."

ಶುಭಾ ಹುಬ್ಬು ಗಂಟಿಕ್ಕಿದಳು. ಮರುಕ್ಷಣವೇ ಗಂಟು ಬಿಚ್ಚಿತು. ತಾನು ಹೇಳುವವರೆಗೆ ಯಾವುದನ್ನೂ ಮುಟ್ಟಬೇಡಿ ಎಂದು ಅವಳೇ ಆಜ್ಞೆ ಮಾಡಿದ್ದರಿಂದ, ಸೋಮವಾರ ಬೆಳಿಗ್ಗೆ ಆರಿಸಿದ ಮೂಸಿಯನ್ನು ಇವತ್ತಿನವರೆಗೂ ಯಾರೂ ಎಬ್ಬಿಸಿರಲಿಲ್ಲ. ಜಾಲ ಭೀಮಾ, ಮಂಜೀರಾ ಎರಡರ ಮೇಲೇ ಕುಂಟುತ್ತ ನಡೆದಿತ್ತು. ಕಳ್ಳತನಕ್ಕೆ ಮೊದಲು ಬಿಂದುಸೇತು ಹೇಗಿತ್ತೋ ಹಾಗೇ ನೆನಪಿಟ್ಟುಕೊಂಡು ಮಲಗಿರುವ ಸಾಕ್ಷಿ ಅದೊಂದೇ.

"ಕದ್ದವರು ಬರೇ ನೋಡಿ ಹೋಗ್ಯಾರೋ, ಏನರ ಬದಲಿ ಮಾಡ್ಯಾರೋ," ಎಂದರು ಜಯತೀರ್ಥರು. "ಎರಡರ ಫರಕ್ ನೋಡಿದರ, ಅವರಿಗೆ ಏನು ಬೇಕಿತ್ತು ಅಂತ ತಿಳಿತದ. ಏನು ಬೇಕಿತ್ತು ಅಂತ ತಿಳಿದರ ಯಾರು ಅಂತ ತಿಳಿತದ."

"ಆದ್ರ ಒಂಟಿಯಾಗಿ ಎಬ್ಬಿಸಬೇಕ್ರಿ," ಎಂದ ಪರಮೇಶ, ಕೈ ತೊಳೆಯಲು ಆಗಲೇ ಎದ್ದಿದ್ದ. "ನೆಟ್‌ವರ್ಕ್ ಕೊಟ್ಟರ ಅದು ಎದ್ದ ಕೂಡ್ಲೇ ಭೀಮಾ, ಮಂಜೀರಾನ್ನ ಕೂಗತೈತಿ. ಅವು ಹೇಳಿದ್ದನ್ನ ಕೇಳಿ ತನ್ನ ಹಳೇ ನೆನಪು ಅಳಿಸಿಕೊಂಡು ಬಿಡತೈತಿ."

"ಎಬ್ಬಿಸು ಹಂಗ," ಎಂದರು ಜಯತೀರ್ಥರು. "ನೋಡು, ನಿನ್ನ ಕಬ್ಬಿಣದೊಳಗ ತಂತಿ ಕೀಳಲಿಕ್ಕೆ ಒಳಗ ಹೋಗಬೇಕಿತ್ತು. ಇಲ್ಲಿ ಕೂತಲ್ಲೇ ಆಗ್ತದ."

"ಊಟ ಬ್ಯಾರೆ, ವಾದ ಬ್ಯಾರೆ ಅಂದಿದ್ರಿ, ಸರ್."

ಇಬ್ಬರೂ ಒಂದೇ ಕೀಲಿಮಣೆಯ ಮೇಲೆ ಬಾಗಿದರು. ಶುಭಾ ಹಿಂದೆ ನಿಂತು ಆ ಎರಡು ತಲೆಗಳನ್ನು ನೋಡಿದಳು, ಒಂದು ಬೆಳ್ಳಗೆ, ಒಂದು ಕಪ್ಪಗೆ. ಪರಮೇಶ ಎಂದಿನ ಹಾಗೆ ನೇರ ಕೆಲಸಕ್ಕಿಳಿಯಲು ಹೋಗಿ, ತಡೆದು, ಮೊದಲು ಯಂತ್ರದ ಹೆಸರು ಕೇಳಿದ. ಜಯತೀರ್ಥರು ಏನೂ ಅನ್ನಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟರು, ಅಷ್ಟೇ.

ಮೂಸಿ ಎದ್ದಿತು. ಗಂಟೆ ಕೇಳಿದ ಮೇಲೆ ಪರಮೇಶ ಅದರ ದಾನಿಗಳನ್ನು ಭೀಮಾದ ದಾನಿಗಳ ಜೊತೆ ಒಂದೊಂದಾಗಿ ತಾಳೆ ನೋಡಲು ಹಚ್ಚಿದ. ಕೆಲಸ ನಿಧಾನ. ಚಹಾ ಬಂತು, ಆರಿತು. ಡಾಕ್ಟರ್ ಗುರುದೇವಿ ಫೋನು ಮಾಡಿ, ಮಂಡಳಿಯವರು ಆಗಲೇ ಒಬ್ಬೊಬ್ಬರಾಗಿ ಬರುತ್ತಿದ್ದಾರೆ, ಅವರಿಗೆ ಏನು ಹೇಳಲಿ ಎಂದು ಕೇಳಿದರು.

"ವರ್ಚುವಲ್ ಮಷೀನು ಕೆಟ್ಟಿಲ್ಲ, ಅದನ್ನ ಯಾರೋ ಕದ್ದಾರ ಅಂತ ಹೇಳ್ರಿ," ಎಂದಳು ಶುಭಾ. "ಉಳಿದದ್ದು ನಾ ಬಂದು ಹೇಳ್ತೀನಿ."

"ಕದ್ದಾರಾ?" ಗುರುದೇವಿಯವರ ದನಿ ತಗ್ಗಿತು. "ಶುಭಾ, ಅದರಾಗ ಊರಿನ ಮಂದಿ ನಮ್ಮನ್ನ ನಂಬಿ ಕೊಟ್ಟ ಹೆಸರು ಐತಿ. ಎಷ್ಟು ಮಂದೀದು ಹೋಗೇತಿ?"

"ಎಲ್ಲಾರದೂ ಹೋಗೇದ ಡಾಕ್ಟರ್. ಆದರ ಯಾರದು ಬೇಕಾಗಿತ್ತು ಅನ್ನೋದು ಇನ್ನೂ ಗೊತ್ತಿಲ್ಲ."

ಫೋನು ಇಡುವಷ್ಟರಲ್ಲಿ ಪರಮೇಶ, "ಮೇಡಮ್," ಎಂದ.

ತೆರೆಯ ಮೇಲೆ ಒಂದೇ ಒಂದು ಸಾಲು ಉಳಿದಿತ್ತು. ಮೂಸಿಯಲ್ಲಿ ಇದ್ದು, ಭೀಮಾದಲ್ಲೂ ಮಂಜೀರಾದಲ್ಲೂ ಇಲ್ಲದ ಸಾಲು. ಸೋಮವಾರದ ಗದ್ದಲದಲ್ಲಿ, ಕದ್ದ ಬೀಗದ ಕೈ ಬಳಸಿ, ಯಾರೋ ಒಬ್ಬ ದಾನಿಯನ್ನು ಹುಟ್ಟೇ ಇಲ್ಲವೆಂಬಂತೆ ಅಳಿಸಿಹಾಕಿದ್ದರು.

"ಸುವರ್ಣಾ," ಎಂದು ಓದಿದರು ಜಯತೀರ್ಥರು. "ಕುಷಾಯಿಗೂಡ. ವಯಸ್ಸು ಇಪ್ಪತ್ತೆರಡು." ಮುಂದಿನ ಕಾಲಂ ಓದುವಾಗ ಅವರ ದನಿ ಬದಲಾಯಿತು. "ಬಾಂಬೆ ಗುಂಪು."

"ಗದಿಗೆಮ್ಮಂದೇ ಗುಂಪು," ಎಂದ ಪರಮೇಶ. "ಆದ್ರ ಯಾಕ್ರಿ? ಅಳಿಸಿ ಏನು ಫಾಯ್ದೆ? ವಿಳಾಸ ಬೇಕಿದ್ರ ಕದ್ದು ಸುಮ್ನ ಹೋಗಬಹುದಿತ್ತಲ್ಲ."

ಶುಭಾಳಿಗೆ ಉತ್ತರ ಹೊಳೆದಿತ್ತು. ಇಂಥ ರಕ್ತವುಳ್ಳವರು ಊರಿಗೆ ಬೆರಳೆಣಿಕೆಯ ಮಂದಿ. ಇವಳ ರಕ್ತ ತಮಗೊಬ್ಬರಿಗೇ ಸಿಗಬೇಕು, ಬೇರೆ ಯಾರೂ ಇವಳನ್ನು ಕರೆಯಬಾರದು, ಇವಳು ಕಾಣೆಯಾದರೂ ಯಾರೂ ಹುಡುಕಬಾರದು ಎನ್ನುವವರು ಮಾತ್ರ ಹೀಗೆ ಅಳಿಸುತ್ತಾರೆ.

"ನಂಬರ್ ಹೇಳ್ರಿ," ಎಂದಳು. "ಜಲ್ದಿ."

ಸ್ಪೀಕರಿಗೆ ಹಾಕಿದ ಫೋನು ಬಹಳ ಹೊತ್ತು ಹೊಡೆದುಕೊಂಡಿತು. ಕೊನೆಗೆ ವಯಸ್ಸಾದ ಗಂಡಸಿನ ದನಿ, "ಹಲೋ, ಎವರು?" ಎಂದು ತೆಲುಗಿನಲ್ಲಿ ಕೇಳಿತು. ಅವಸರದಲ್ಲಿ ಶುಭಾಳ ಬಾಯಿಂದ ಕನ್ನಡವೇ ಹೊರಟಿತು.

"ಸುವರ್ಣಾ ಇದ್ದಾಳೇನ್ರಿ? ನಾನು ಬಿಂದುಸೇತುವಿನಿಂದ ಮಾತಾಡ್ಲಿಕ್ಕತ್ತೀನಿ."

ಕನ್ನಡ ಕೇಳಿದ ಕೂಡಲೇ ಆ ದನಿ ಅರಳಿತು. "ಓಹೋ, ನಮ್ಮ ಕಡೆಯವರೇನು? ನಾ ಗುರುಸಿದ್ದಪ್ಪ ಅಂತ, ಸುವರ್ಣಾನ ತಂದಿ. ಫ್ಯಾಕ್ಟರಿಯಾಗ ಇದ್ದೆ, ಈಗ ರಿಟೈರ್ ಆಗೀನಿ. ನಿಮ್ಮ ಆಫೀಸಿನ್ಯಾಗ ಎಲ್ಲಾ ಕನ್ನಡದವರೇ ಅದೀರೇನ್ರಿ?"

"ಸುವರ್ಣಾ ಎಲ್ಲಿ, ಗುರುಸಿದ್ದಪ್ಪನವರ?"

"ಹೋದ್ಲಲ್ರಿ. ಈಗಷ್ಟೇ ನಿಮ್ಮವರೇ ಕಾರು ತಗೊಂಡು ಬಂದಿದ್ರು. ಯಾವುದೋ ಕೂಸಿಗೆ ರಕ್ತ ಬೇಕು, ಭಾಳ ಅರ್ಜೆಂಟ್ ಅಂದ್ರು. ನಮ್ಮ ಹುಡುಗಿ ಚಹಾ ಕುಡಿಯಾಕ ಕೂತಾಕಿ, ಕಪ್ಪು ಸರಿಸಿ ಎದ್ದುಬಿಟ್ಟಳು. ಹಂಗೇ ಅಕಿ. ಯಾರರ ಬೇಕಂದ್ರ ಇಲ್ಲ ಅನ್ನಾಕ ಬರೂದಿಲ್ಲ." ಆ ದನಿಯಲ್ಲಿ ಹೆಮ್ಮೆಯಿತ್ತು. "ಫೋನ್ ಸುದ್ದಾ ಇಲ್ಲೇ ಬಿಟ್ಟು ಹೋಗ್ಯಾಳ. ಅದಕ್ಕೇ ನಾ ಎತ್ತಿದೆ."

ಪರಮೇಶ ಗೋಡೆಗೆ ಆತು ನಿಂತ. ಜಯತೀರ್ಥರ ತುಟಿ ಸದ್ದಿಲ್ಲದೆ ಏನನ್ನೋ ಜಪಿಸತೊಡಗಿತು.

ಶುಭಾ ತನ್ನ ದನಿಯನ್ನು ಹಿಡಿದಿಟ್ಟುಕೊಂಡಳು. ಆ ತಂದೆಗೆ ಹೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು.

"ಬಂದವರ ಹೆಸರು ಕೇಳಿದ್ರೇನ್ರಿ?"

"ಕೇಳದೇ ಹೆಂಗ ಕಳಸಲಿ ಮಗಳನ್ನ? ಒಬ್ಬಾಕಿ ಹೆಣ್ಣುಮಗಳು ಬಂದಿದ್ಲು. ಭಾಳ ಛಲೋ ಮಾತಾಡಿದ್ಲು, ಕಾರ್ಡೂ ತೋರಿಸಿದ್ಲು." ಗುರುಸಿದ್ದಪ್ಪ ನೆನಪು ಮಾಡಿಕೊಂಡ. "ಸೋಮವಾರ ನಿಮ್ಮ ಆಫೀಸಿನ್ಯಾಗ ಮಷೀನು ಕೆಟ್ಟಿತ್ತಂತಲ್ಲ, ಅದನ್ನ ಪತ್ತೆ ಮಾಡಾಕ ಬಂದಾಕಿ ತಾನೇ ಅಂದ್ಲು. ಶುಭಾ ಅಂತ ಹೆಸರು."